‘ಲೂಸಿಯಾ’ ಚಿತ್ರವೂ ಅದರ ಆಶ್ರಯದಾತರೂ

ಕಾವ್ಯವನ್ನು ಬರೆಯಿಸಿದವರ ಹೆಸರನ್ನು ಕಾವ್ಯದೊಳಗೇ ಇರಿಸುವುದು ನಮ್ಮ ಪೂರ್ವಕವಿಗಳ ಸಂಪ್ರದಾಯ. ಅರಿಕೇಸರಿಯನ್ನು ಬಿಟ್ಟು ಪಂಪನ ಭಾರತವನ್ನು ಓದುವುದು ಸಾಧ್ಯವಿಲ್ಲ. ಅತ್ತಿಮಬ್ಬೆಯು ಮಾಡಿದ ಉಪಕಾರವಾದರೋ ಬೇರೊಂದು ಬಗೆಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿಸಿದಳೆಂದು ಪ್ರಸಿದ್ಧಿಯುಂಟು. ಕವಿಗೆ ಅನ್ನವಿಕ್ಕುವುದು ಒಂದು ಕೆಲಸ. ಕೃತಿಯನ್ನು ಓದುವವನ ಬಾಗಿಲಿಗೆ ಮುಟ್ಟಿಸುವುದು ಇನ್ನೊಂದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, 2013ರಲ್ಲಿ ಹೊರಬಂದ ‘ಲೂಸಿಯಾ’ ಎಂಬ ಚಲಚ್ಚಿತ್ರವನ್ನು ಕುರಿತು ಕೆಲವು ಮಾತುಗಳನ್ನು ಬರೆಯಬೇಕೆಂದಿದ್ದೇನೆ. ಇಷ್ಟು ಹಳೆಯ ಚಿತ್ರಕ್ಕೆ ಈಗ ವಿಮರ್ಶೆಯೇಕೆಂದು ವಾಚಕರು ಕೇಳಬಹುದು. ನಾನು ಅದಕ್ಕೆ ಮಾಡಿದ ಒಂದು ಅನ್ಯಾಯವುಂಟು. ಮೊದಲು ಅದನ್ನು ಒಪ್ಪಿಸಿಬಿಡುತ್ತೇನೆ.

2012ರಲ್ಲಿ ಶಿಡ್ಲಘಟ್ಟದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಅವನ ಮನೆಯವರು ರೇಷ್ಮೆಯ ವ್ಯಾಪಾರದವರು. ಬೆಂಗಳೂರಿನ ನಿರ್ದೇಶಕರೊಬ್ಬರು ಪ್ರೇಕ್ಷಕರಿಂದಲೇ ಹಣ ಕೂಡಿಸಿ ಚಿತ್ರ ತೆಗೆಯುತ್ತಿರುವರೆಂದೂ, ತಾನೂ ಒಂದಿಷ್ಟು ಕೊಡಬಹುದೇ ಎಂದೂ ಕೇಳಿದನು. ಹತ್ತು ಜನ ಉಪ್ಪು ಹಾಕಿದ ಸಾರನ್ನು ಯಾರೂ ಉಣ್ಣಲಾರರೆಂದು ನಾನು ಹೇಳಿದೆನು. ಗುರುವಿನ ಮಾತನ್ನು ಮೀರದೆ ಅವನು ಹಣವನ್ನು ತನ್ನಲ್ಲಿಯೇ ಉಳಿಸಿಕೊಂಡನು. ಆ ಚಿತ್ರವೇ ‘ಲೂಸಿಯಾ’. ನಾನು ಅದನ್ನು ನೋಡಿದುದು ಬಹುಕಾಲದ ಮೇಲೆ, ಅದೇ ವಿದ್ಯಾರ್ಥಿಯ ಮನೆಯಲ್ಲಿ, ಅವನ ತಾಯಿಯವರ ಪಕ್ಕದಲ್ಲಿ ಕುಳಿತು.

ಅದರ ನಿರ್ದೇಶಕರು ಪವನ್ ಕುಮಾರ್. ಅವರ ಮೊದಲನೆಯ ಚಿತ್ರ ‘ಲೈಫು ಇಷ್ಟೇನೆ’ 2011ರಲ್ಲಿ ಬಂದಿತ್ತು. ಎರಡನೆಯ ಕಥೆಗೆ ಹಣ ಹಾಕುವವರು ದೊರೆಯದಿರಲು, ಅವರು ತಮ್ಮ ಸಂಕಟವನ್ನು ಅಂತರ್ಜಾಲದಲ್ಲಿ ಬಹಿರಂಗವಾಗಿ ಬರೆದರು. ಓದಿದವರು ಸುಮ್ಮನಿರಲಿಲ್ಲ. 27 ದಿನಗಳಲ್ಲಿ 110 ಮಂದಿ 51 ಲಕ್ಷ ರೂಪಾಯಿಗಳನ್ನು ಕೂಡಿಸಿದರು. ಕನ್ನಡದಲ್ಲಿ ಇದು ಹೊಸದಾದರೂ ದೇಶದಲ್ಲಿ ಹೊಸದಲ್ಲ. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟರು. ಕೇರಳದ ಜಾನ್ ಅಬ್ರಹಾಂ ಊರೂರು ತಿರುಗಿ ಜನರಿಂದ ಹಣವೆತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ತೆಗೆದರು. ಆದರೆ ‘ಮಂಥನ್’ ಹಾಲಿನವರ ಕಥೆಯನ್ನೇ ಹೇಳಿತು, ಅವರಿಗೆ ಸಹಕಾರ ಸಂಘದ ಬಲವೂ ಇತ್ತು. ‘ಲೂಸಿಯಾ’ಕ್ಕೆ ಕೊಟ್ಟವರು ಪರಸ್ಪರ ಮುಖಪರಿಚಯವೂ ಇಲ್ಲದವರು, ಅವರು ನಂಬಿದುದು ಒಂದು ಕಥೆಯನ್ನು ಮಾತ್ರ.

ಆ ಕಥೆ ನಂಬತಕ್ಕದ್ದೇ? ಚಿತ್ರಮಂದಿರದ ಕತ್ತಲೆಯಲ್ಲಿ ಕೈದೀಪ ಹಿಡಿದು ಬಂದವರಿಗೆ ಆಸನ ತೋರಿಸುವ ನಿಕ್ಕಿ ಎಂಬ ಹುಡುಗನಿಗೆ ನಿದ್ರೆಯಿಲ್ಲ. ಲೂಸಿಯಾ ಎಂಬ ಗುಳಿಗೆ ನುಂಗಿದರೆ, ತಾನು ದೊಡ್ಡ ನಟನಾಗಿರುವಂತೆ ಕನಸು. ಹುಡುಗನ ಬಾಳು ಬಣ್ಣದಲ್ಲಿ, ನಟನ ಬಾಳು ಕಪ್ಪುಬಿಳುಪಿನಲ್ಲಿ. ನಾವು ಬಣ್ಣವನ್ನು ದಿಟವೆಂದೂ ಕಪ್ಪುಬಿಳುಪನ್ನು ಕನಸೆಂದೂ ಎಣಿಸಿ ಕುಳಿತಿರುತ್ತೇವೆ. ಕಡೆಗೆ ತಿಳಿಯುವುದು, ನಟನೇ ದಿಟ, ಕೈದೀಪದ ಹುಡುಗನು ಅವನು ಕಂಡ ಕನಸು ಎಂದು. ಹಗ್ಗದಲ್ಲಿ ಹಾವನ್ನು ಕಾಣುವ ವೇದಾಂತದ ದೃಷ್ಟಾಂತವನ್ನು ನಲವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಇಲ್ಲಿ ಹಗ್ಗವೇ ಹಾವಾಗಬೇಕೆಂದು ಬಯಸುತ್ತದೆ! ಕೀರ್ತಿವಂತನು ಸಾಧಾರಣನಾಗಲು ಕನಸು ಕಾಣುವುದು ನನಗೆ ಹೊಸ ಭಾವವೆನಿಸಿತು. ನಿಕ್ಕಿಯಾಗಿ ನಟಿಸಿದ ನೀನಾಸಂ ಸತೀಶರ ಮಾತಿನಲ್ಲಿ ಹಳ್ಳಿಯ ಕನ್ನಡವು ನಗೆಗೀಡಾಗದೆ ಉಳಿದಿದೆ.

ದೋಷಗಳೂ ಇಲ್ಲದಿಲ್ಲ. ಪತ್ತೇದಾರಿಯ ಭಾಗವು ಮುಖ್ಯ ಕಥೆಗೆ ಗಂಟು ಹಾಕಿದಂತಿದೆಯೇ ಹೊರತು ಅದರೊಳಗೆ ಬೆಳೆದುದಲ್ಲ. ಕೊನೆಯಲ್ಲಿ ವ್ಯಂಗ್ಯವಾಗಿ ಉಳಿಯಬೇಕಾದುದನ್ನು ವಾಚ್ಯ ಮಾಡಿಬಿಟ್ಟಿದ್ದಾರೆ. ಆನಂದವರ್ಧನನ ಶಿಷ್ಯರು ಇದನ್ನು ಕ್ಷಮಿಸಲಾರರು. ಆದರೂ ಸಾರಿಗೆ ಉಪ್ಪು ಹೆಚ್ಚಾಗಿರಲಿಲ್ಲ. ನೂರಹತ್ತು ಮಂದಿಯ ಹಣವಿದ್ದರೂ ಚಿತ್ರದಲ್ಲಿ ಕಂಡುದು ಒಬ್ಬನ ಕೈಯೇ.

ಕಥೆಯ ನಡುವೆ ಸಾಲದಲ್ಲಿ ಮುಳುಗಿದ ಹಳೆಯ ಚಿತ್ರಮಂದಿರವೊಂದಿದೆ, ಅದನ್ನು ಮಾರಲೊಲ್ಲದ ಯಜಮಾನನೊಬ್ಬನಿದ್ದಾನೆ. ಚಿತ್ರ ಮುಗಿದಾಗ ವಿದ್ಯಾರ್ಥಿಯ ತಾಯಿಯವರು ಕೇಳಿದುದು ನಟನ ವಿಷಯವನ್ನಲ್ಲ. “ಆ ಟಾಕೀಸು ಉಳೀತಾ?” ಎಂದರು. ಅದು ಕನಸಿನ ಟಾಕೀಸೆಂದು ನಾನು ವಿವರಿಸಹೋದೆ, ಆಕೆಗೆ ಸಮಾಧಾನವಾಗಲಿಲ್ಲ.

ಆ ಪ್ರಶ್ನೆಯು ನಮ್ಮ ತಾಲ್ಲೂಕುಗಳಿಗೂ ಸಲ್ಲುತ್ತದೆ. ಚಲಚ್ಚಿತ್ರ ವ್ಯಾಪಾರದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೇರಿ ‘ಬಿ.ಕೆ.ಟಿ.’ ಎಂಬ ಒಂದು ವಲಯ. 2007ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದರೂ, ಹಂಚಿಕೆದಾರರ ಲೆಕ್ಕದಲ್ಲಿ ನಾವು ಇನ್ನೂ ಆ ಮೂರಕ್ಷರಗಳ ಬಾಲವೇ. ರಾಜಧಾನಿಗೆ ಇಷ್ಟು ಸಮೀಪವಿರುವುದೇ ನಮಗೆ ಕೇಡಾಗಿದೆ: ಬೇಕಾದವರು ಬಸ್ಸು ಹತ್ತಿ ಬಂದು ನೋಡುವರೆಂಬುದು ಅವರ ಎಣಿಕೆ. ನನ್ನ ಬಾಲ್ಯದಲ್ಲಿ ಗೌರಿಬಿದನೂರಿನ ಟೆಂಟಿಗೆ ರೀಲಿನ ಡಬ್ಬಿ ಬಾರದಿದ್ದರೆ ಆಟ ನಿಲ್ಲುತ್ತಿತ್ತು. ಈಗ ಡಬ್ಬಿಯೇ ಬೇಡ. ಆದರೂ ಸಣ್ಣ ಚಿತ್ರಕ್ಕೆ ದಾರಿ ಸುಗಮವಾಗಿಲ್ಲ. ಮಂದಿರದ ಬಾಡಿಗೆ, ಯಂತ್ರದ ಶುಲ್ಕ, ಗೋಡೆಪತ್ರದ ಖರ್ಚು ಇವೆಲ್ಲವೂ ಮೊದಲು ನಿರ್ಮಾಪಕನ ಕೈಯಿಂದಲೇ ಹೋಗಬೇಕು. ಸರ್ಕಾರದ ಸಹಾಯಧನವೂ ಚಿತ್ರ ತೆಗೆದವರಿಗೆ ಸಲ್ಲುತ್ತದೆ, ತೋರಿಸಿದವರಿಗಲ್ಲ. ಕೊಪ್ಪಳದ ಕಡೆಯ ಬಡ ಹೆಂಗಸೊಬ್ಬಳ ಕಥೆಯಾದ ‘ಶಿವಮ್ಮ’ 2022ರ ಅಕ್ಟೋಬರಿನಲ್ಲಿ ಕೊರಿಯಾದ ಬೂಸಾನಿನಲ್ಲಿ ಬಹುಮಾನ ಪಡೆಯಿತು. ಕರ್ನಾಟಕದ ಚಿತ್ರಮಂದಿರಗಳಿಗೆ ಬಂದುದು 2024ರ ಜೂನಿನಲ್ಲಿ. ಅದನ್ನು ನೋಡಲು ನಾನು ಬೆಂಗಳೂರಿಗೆ ಹೋದಾಗ ಹಿಂದಿನ ಸಾಲುಗಳೆಲ್ಲ ಖಾಲಿಯಾಗಿದ್ದವು. ಮೊಬೈಲಿನ ವೇದಿಕೆಗಳು ಕೈಹಿಡಿಯುವುವೆಂಬ ಭರವಸೆಯೂ ತಗ್ಗಿದೆ. ರಕ್ಷಿತ್ ಶೆಟ್ಟಿಯವರಷ್ಟು ಹೆಸರುಳ್ಳವರೇ 2024ರಲ್ಲಿ ‘ಏಕಂ’ ಎಂಬ ಸರಣಿಯನ್ನು ಕೊಳ್ಳುವವರಿಲ್ಲದೆ ತಮ್ಮದೇ ಜಾಲತಾಣದಲ್ಲಿ ತೋರಿಸಬೇಕಾಯಿತು.

ಹೀಗೆ ನಮ್ಮ ಕಾಲಕ್ಕೆ ಅರಿಕೇಸರಿಗಳು ನೂರಹತ್ತು ಮಂದಿಯಾಗಿ ಬಂದಿದ್ದಾರೆ, ಅತ್ತಿಮಬ್ಬೆಯ ಸ್ಥಾನ ಮಾತ್ರ ಬರಿದಾಗಿದೆ. ಅದನ್ನು ತುಂಬಿದ ಒಂದು ಊರನ್ನು ನಾನು ಬಲ್ಲೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಿತ್ರಗಳನ್ನು ಅಡಕೆ ತೋಟದ ಜನರಿಗೆ ಕನ್ನಡದ ವಿವರಣೆಯೊಡನೆ ತೋರಿಸಿದರು. ಹಳ್ಳಿಯವರಿಗೆ ಇದು ತಿಳಿಯದೆಂದು ಪಟ್ಟಣದವರು ಹೇಳುವ ಮಾತಿಗೆ ಅಲ್ಲಿ ಉತ್ತರ ದೊರೆಯಿತು. ‘ಲೂಸಿಯಾ’ದ ನಾಯಕನೂ ಆ ಸಂಸ್ಥೆಯಲ್ಲಿಯೇ ತರಬೇತಾದವರೆಂಬುದನ್ನು ಗಮನಿಸಬೇಕು.

ನಮ್ಮ ಸಂಘಕ್ಕೆ ನಾಲ್ಕು ತಾಲ್ಲೂಕುಗಳಲ್ಲಿ ಸದಸ್ಯರುಂಟು. ಚಿಂತಾಮಣಿಯ ಮಿತ್ರರ ಬಳಿ ಉಪನ್ಯಾಸಕ್ಕೆ ಬಳಸುವ ಪ್ರಕ್ಷೇಪಕ ಯಂತ್ರವಿದೆ. ನಿರ್ಮಾಪಕರ ಲಿಖಿತ ಅನುಮತಿ ಪಡೆದು, ತಿಂಗಳಿಗೊಂದು ಚಿತ್ರವನ್ನು ನಾಲ್ಕು ಊರುಗಳಲ್ಲಿ ಸರದಿಯಂತೆ ತೋರಿಸಿ, ಬಂದ ಹಣದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಅವರಿಗೇ ಕಳುಹಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದಿದ್ದೇನೆ. ಪುಕ್ಕಟೆ ತೋರಿಸಿದರೆ ಜನ ಹೆಚ್ಚು ಬರುವರೆಂದು ಕೆಲವರ ಸೂಚನೆ. ನಾನು ಅದಕ್ಕೆ ಒಪ್ಪಿಲ್ಲ. ಮೊದಲ ವರ್ಷದ ನಷ್ಟಕ್ಕೆಂದು ನನ್ನ ವಿದ್ಯಾರ್ಥಿಯು ಒಂದು ಮೊತ್ತವನ್ನು ಒಪ್ಪಿಸಿದ್ದಾನೆ. ಈ ಸಲ ಅವನು ನನ್ನ ಸಲಹೆಯನ್ನು ಕೇಳಲಿಲ್ಲ.