ಉಲ್ಯಾನೋವ್‌ಸ್ಕ್ ವ್ಯಾನಿನ ದೀರ್ಘಾಯುಷ್ಯ: ಒಂದು ವಿಮರ್ಶೆ

ಯಂತ್ರಗಳಿಗೂ ಚರಿತ್ರೆಯುಂಟೆಂಬುದನ್ನು ನಮ್ಮ ಇತಿಹಾಸ ವಿಭಾಗಗಳು ಇನ್ನೂ ಮನಃಪೂರ್ವಕವಾಗಿ ಒಪ್ಪಿದಂತೆ ಕಾಣುವುದಿಲ್ಲ. ಅರಸರ ವಂಶಾವಳಿಯನ್ನು ಬಿಡಿಸುವಷ್ಟೇ ಶ್ರದ್ಧೆಯಿಂದ ಒಂದು ವಾಹನದ ವಂಶಾವಳಿಯನ್ನು ಬಿಡಿಸಿದರೆ ತಿಳಿದುಬರುವುದೇನು ಎಂಬ ಪ್ರಶ್ನೆಯನ್ನಿಟ್ಟುಕೊಂಡು ಸೋವಿಯತ್ ದೇಶದ ಉಆಜ್-೪೫೨ ಎಂಬ ವ್ಯಾನನ್ನು ಇಲ್ಲಿ ಪರಿಶೀಲಿಸಿದ್ದೇವೆ. ೧೯೬೫ರಲ್ಲಿ ಹೊರಬಂದ ಈ ಗಾಡಿ, ಅದನ್ನು ನಿರ್ಮಿಸಿದ ರಾಷ್ಟ್ರವೇ ೧೯೯೧ರಲ್ಲಿ ವಿಸರ್ಜನೆಗೊಂಡ ಮೇಲೂ, ಹೊರ ಆಕಾರದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲದೆ ತಯಾರಾಗುತ್ತ ಬಂದಿದೆ. ಇದನ್ನು ಕುರಿತು ಎರಡು ತೀರ್ಪುಗಳು ರೂಢವಾಗಿವೆ. ಇಷ್ಟು ಕಾಲ ಬಾಳಿದುದರಿಂದ ಅದು ಉತ್ತಮ ಯಂತ್ರವೆಂಬುದು ಒಂದು; ಇಷ್ಟು ಕಾಲ ಬದಲಾಗದಿದ್ದುದರಿಂದ ಅದು ಜಡತ್ವದ ಕುರುಹೆಂಬುದು ಇನ್ನೊಂದು. ಎರಡೂ ಅಪೂರ್ಣವೆಂಬುದು ನಮ್ಮ ಅಭಿಪ್ರಾಯ.

ಮೊದಲು ಸಂಗತಿಗಳನ್ನು ನೋಡೋಣ. ವೋಲ್ಗಾ ತೀರದ ಉಲ್ಯಾನೋವ್‌ಸ್ಕ್ ಕಾರ್ಖಾನೆ ಯುದ್ಧದ ಕೂಸು. ೧೯೪೧ರಲ್ಲಿ ಜರ್ಮನ್ ಸೇನೆ ಮಾಸ್ಕೋವನ್ನು ಸಮೀಪಿಸಿದಾಗ ಅಲ್ಲಿನ ಸ್ತಾಲಿನ್ ಮೋಟಾರು ಕಾರ್ಖಾನೆಯ ಒಂದು ಭಾಗವನ್ನು ಇಲ್ಲಿಗೆ ಸಾಗಿಸಲಾಯಿತು. ೧೯೫೦ರ ದಶಕದ ನಡುವೆ ಗೋರ್ಕಿ ನಗರದಿಂದ ಗಾಜ್-೬೯ ಎಂಬ ಜೀಪು ಮಾದರಿಯ ಗಾಡಿಯ ತಯಾರಿಕೆ ಈ ಕಾರ್ಖಾನೆಗೆ ವರ್ಗವಾಯಿತು. ಅದರ ಅಂಗಾಂಗಗಳನ್ನೇ ಆಧರಿಸಿ ೧೯೫೮ರಲ್ಲಿ ಉಆಜ್-೪೫೦ ಸಿದ್ಧವಾಯಿತು. ಎರಡು ಅಚ್ಚುಗಳ ನಡುವಣ ಅಂತರ ೨೩೦೦ ಮಿಲಿಮೀಟರು ಮಾತ್ರ. ಅಷ್ಟು ಮೋಟು ಚೌಕಟ್ಟಿನ ಮೇಲೆ ಸರಕಿಗೂ ಸ್ಥಳ ದೊರೆಯಬೇಕಾದರೆ ಚಾಲಕನು ಮುಂದಿನ ಅಚ್ಚಿನ ಮೇಲೆ, ಎಂಜಿನ್ನಿನ ಪಕ್ಕದಲ್ಲಿಯೇ ಕೂರಬೇಕಾಯಿತು. ಜನರು ಈ ಗಾಡಿಗೆ ಕೊಟ್ಟ ಅಡ್ಡಹೆಸರು ‘ಬುಖಾಂಕ’; ಎಂದರೆ ಕೊಯ್ಯದ ಇಡೀ ಬ್ರೆಡ್ಡು. ಆ ಆಕೃತಿ ಕಲಾವಿದನ ಕಲ್ಪನೆಗಿಂತ ಹೆಚ್ಚಾಗಿ ಸ್ಥಳದ ಇಕ್ಕಟ್ಟಿನಿಂದ ಹುಟ್ಟಿದುದು.

೧೯೬೫ರ ಬದಲಾವಣೆ ನಿಜವಾದುದು. ವೋಲ್ಗಾ ಕಾರಿನ ವಂಶಕ್ಕೆ ಸೇರಿದ, ಸುಮಾರು ೨.೪ ಲೀಟರಿನ, ಸುಮಾರು ೭೦ ಅಶ್ವಶಕ್ತಿಯ ಎಂಜಿನ್ನೂ ನಾಲ್ಕು ಗೇರುಗಳ ಪೆಟ್ಟಿಗೆಯೂ ಆಗ ಬಂದವು. ೧೯೮೫ರಲ್ಲಾದರೋ, ವ್ಯಾನಿಗೆ ೩೭೪೧, ಆಂಬುಲೆನ್ಸಿಗೆ ೩೯೬೨, ಬಸ್ಸಿಗೆ ೨೨೦೬ ಎಂಬ ಹೊಸ ಸಂಖ್ಯೆಗಳು ಬಂದವು. ಸಂಖ್ಯೆ ಬದಲಾದಷ್ಟು ಗಾಡಿ ಬದಲಾಗಲಿಲ್ಲ. ಬಿರುದು ಬದಲಾದುದನ್ನೇ ಆಳ್ವಿಕೆ ಬದಲಾದುದೆಂದು ಎಣಿಸುವ ತಪ್ಪನ್ನು ಶಾಸನಗಳ ವಿದ್ಯಾರ್ಥಿ ಮಾಡುವುದಿಲ್ಲ. ಯಂತ್ರಗಳ ವಿದ್ಯಾರ್ಥಿಯೂ ಮಾಡಬಾರದು.

ಜಡತ್ವದ ವಾದಕ್ಕೆ ಬಲವಾದ ಆಧಾರವಿಲ್ಲದೆ ಇಲ್ಲ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಅವರು ೧೯೮೦ರ ತಮ್ಮ ಗ್ರಂಥದಲ್ಲಿ ವಿಶ್ಲೇಷಿಸಿದ ಕೊರತೆಯ ಅರ್ಥವ್ಯವಸ್ಥೆಯಲ್ಲಿ ಕೊಳ್ಳುವವನು ಕಾಯುತ್ತಾನೆ. ಅವನನ್ನು ಮೆಚ್ಚಿಸುವ ಅಗತ್ಯ ತಯಾರಕನಿಗೆ ಇರುವುದಿಲ್ಲ. ಆದರೆ ಇದಿಷ್ಟೇ ಕಾರಣವಾಗಿದ್ದಲ್ಲಿ ೧೯೯೧ರ ನಂತರ ಈ ಗಾಡಿ ಮರೆಯಾಗಬೇಕಾಗಿತ್ತು. ನಮ್ಮ ದೇಶದ ಅಂಬಾಸಡರ್ ಕಾರು ರಕ್ಷಿತ ಮಾರುಕಟ್ಟೆ ಸಡಿಲಗೊಂಡ ಮೇಲೆ ಕ್ರಮೇಣ ಕುಗ್ಗಿ ೨೦೧೪ರಲ್ಲಿ ನಿಂತುಹೋಯಿತು. ಅದರ ಪ್ರತಿಸ್ಪರ್ಧಿಗಳು ಓಡಬಲ್ಲ ರಸ್ತೆಯ ಮೇಲೆಯೇ ಅದೂ ಓಡುತ್ತಿತ್ತು. ಬುಖಾಂಕದ ಸ್ಥಿತಿ ಬೇರೆ. ವಸಂತದಲ್ಲಿ ಹಿಮ ಕರಗಿದಾಗಲೂ ಶರತ್ಕಾಲದ ಮಳೆಯಲ್ಲಿಯೂ ಹಳ್ಳಿಯ ದಾರಿಗಳು ಕೆಸರಾಗುವ ‘ರಸ್ಪೂತಿತ್ಸ’ ಋತುವಿನಲ್ಲಿ, ನಾಲ್ಕು ಚಕ್ರಗಳಿಗೂ ಶಕ್ತಿಯೊದಗುವ, ಅಗ್ಗವಾದ, ಊರಿನ ಮೆಕ್ಯಾನಿಕನೇ ಬಿಚ್ಚಿ ಜೋಡಿಸಬಲ್ಲ ವ್ಯಾನು ಬೇಕು. ಎಂಜಿನ್ನಿನ ಮುಚ್ಚಳ ಕ್ಯಾಬಿನ್ನಿನೊಳಗೇ ಇರುವುದರಿಂದ ಹೊರಗೆ ಹಿಮ ಬೀಳುವಾಗಲೂ ಒಳಗೆ ಕುಳಿತೇ ಅನೇಕ ರಿಪೇರಿಗಳನ್ನು ಮಾಡಬಹುದು. ಮಾರುಕಟ್ಟೆ ಬದಲಾಯಿತು; ರಸ್ತೆ ಬದಲಾಗಲಿಲ್ಲ.

ಹಾಗೆಂದು ಮೊದಲಿನ ವಾದವನ್ನು ಒಪ್ಪಲಾಗದು. ಚಾಲಕನ ಕಾಲುಗಳ ಮುಂದೆ ತಗಡಿನ ಹೊರತು ಹೆಚ್ಚೇನೂ ಇಲ್ಲ. ಡಿಕ್ಕಿಯ ಆಘಾತ ನೇರವಾಗಿ ಅವನಿಗೇ ತಟ್ಟುತ್ತದೆ. ಜನರು ‘ತಬ್ಲೆತ್ಕ’, ಅಂದರೆ ಗುಳಿಗೆ, ಎಂದು ಕರೆಯುವ ಆಂಬುಲೆನ್ಸಿನಲ್ಲಿ ಮಲಗಿದ ರೋಗಿಯು ಬಿರುಸಾದ ಪಟ್ಟಿ ಸ್ಪ್ರಿಂಗುಗಳ ಪ್ರತಿಯೊಂದು ಕುಲುಕನ್ನೂ ಅನುಭವಿಸಬೇಕು. ಆದರೆ ಆ ರೋಗಿಯ ಬಾಗಿಲಿಗೆ ಬಂದು ಮುಟ್ಟುವ ಬೇರೆ ಗಾಡಿ ಇಲ್ಲದಿದ್ದಲ್ಲಿ, ಕುಲುಕಾಟವೋ ಸಾವೋ ಎಂಬ ಆಯ್ಕೆಯನ್ನು ಅವನ ಮುಂದಿಟ್ಟುದು ಯಂತ್ರವಲ್ಲ, ರಸ್ತೆಯನ್ನು ಕಟ್ಟದ ಆಡಳಿತ. ದೀರ್ಘಾಯುಷ್ಯವನ್ನು ಹೊಗಳುವವರು ಈ ಬೆಲೆಯನ್ನು ಮರೆಯುತ್ತಾರೆ; ತೆಗಳುವವರು ಈ ಉಪಕಾರವನ್ನು ಮರೆಯುತ್ತಾರೆ.

ಆದುದರಿಂದ ಒಂದು ಯಂತ್ರದ ‘ವಿಕಾಸ’ವನ್ನು ಅದರ ಮಾದರಿಸಂಖ್ಯೆಗಳ ಸಾಲಿನಲ್ಲಿ ಹುಡುಕುವುದು ಸಾಲದು. ಅದು ಯಾವ ನೆಲದ ಮೇಲೆ ಓಡಿತು, ಯಾರು ಕೊಂಡರು, ಯಾರು ಅದರೊಳಗೆ ಮಲಗಿ ಪ್ರಯಾಣ ಮಾಡಿದರು ಎಂಬುದನ್ನೂ ಕೇಳಬೇಕು. ಬುಖಾಂಕದ ವಯಸ್ಸು ಅದನ್ನು ರಚಿಸಿದವರ ಜಾಣ್ಮೆಯನ್ನು ಎಷ್ಟು ಹೇಳುತ್ತದೆಯೋ, ಕಟ್ಟದೆ ಉಳಿದ ರಸ್ತೆಗಳ ಉದ್ದವನ್ನೂ ಅಷ್ಟೇ ಹೇಳುತ್ತದೆ. ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಗಾಡಿಯ ಮೇಲೆ ಈ ಪ್ರಶ್ನೆಗಳನ್ನು ಪ್ರಯೋಗಿಸಿ ನೋಡಿದರೆ ನಮ್ಮ ಶ್ರಮ ಸಾರ್ಥಕ.