ಮುದ್ದೆಯೊಳಗಿನ ಮೆಗ್ನೀಸಿಯಮ್

ಹೊಳೆಹೊನ್ನೂರಿನ ಸುತ್ತ ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ. ಅನ್ನದ ಈ ಸೀಮೆಯಲ್ಲಿ ನಿಂತು ರಾಗಿಮುದ್ದೆಯನ್ನು ಹೊಗಳಲು ನನಗೆ ಗಟ್ಟಿ ಕಾರಣವಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ತೆರೆದರೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಮೆಗ್ನೀಸಿಯಮ್; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬರೀ 19. ಭತ್ತ ಮೂಲತಃ ಇಷ್ಟು ಬಡವಲ್ಲ. ಮಿಲ್ಲಿನಲ್ಲಿ ತೌಡಿನ ಜೊತೆಗೇ ಸತ್ವ ಹೊರಟುಹೋಗುತ್ತದೆ, ಅದನ್ನು ದನ ತಿನ್ನುತ್ತದೆ! ರಾಗಿಯನ್ನು ನಾವು ಸಿಪ್ಪೆ ಸಮೇತ ಬೀಸುತ್ತೇವೆ. ಈ ಸಣ್ಣ ಕಾಳಿನ ದೊಡ್ಡತನ ಉಳಿದಿರುವುದೇ ಅಲ್ಲಿ.

ಈ ಮೆಗ್ನೀಸಿಯಮ್ ದೇಹಕ್ಕೆ ಯಾಕೆ ಬೇಕು? ಹೃದಯದ ಒಂದೊಂದು ಬಡಿತಕ್ಕೂ ಎಟಿಪಿ ಎಂಬ ಅಣುವಿನ ಶಕ್ತಿ ಬೇಕು. ಆ ಎಟಿಪಿ ಮೆಗ್ನೀಸಿಯಮ್ ಜೊತೆ ಕೂಡಿಯೇ ದುಡಿಯುತ್ತದೆ. ಸೋಡಿಯಂ ಹೊರದಬ್ಬಿ ಪೊಟ್ಯಾಸಿಯಂ ಒಳಗೆಳೆಯುವ ಪಂಪಿಗೂ ಅದೇ ಆಸರೆ. ಮೆಗ್ನೀಸಿಯಮ್ ತೀರ ಕಡಿಮೆಯಾದರೆ ಬಡಿತದ ಲಯ ತಪ್ಪಬಹುದು. ಟಾರ್ಸಾಡ್ಸ್ ಎಂಬ ಅಪಾಯಕಾರಿ ಲಯದೋಷಕ್ಕೆ ವೈದ್ಯರು ಮೆಗ್ನೀಸಿಯಮ್ ಸಲ್ಫೇಟನ್ನು ರಕ್ತನಾಳಕ್ಕೇ ಕೊಡುತ್ತಾರೆ. ಇನ್ಸುಲಿನ್ನಿನ ಸಂದೇಶ ಜೀವಕೋಶದೊಳಗೆ ಮುಟ್ಟಲೂ ಇದು ಬೇಕು. ಆದರೆ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಇದೇ ಮೆಗ್ನೀಸಿಯಮ್ ಮೂತ್ರದಲ್ಲಿ ಸೋರಿಹೋಗುತ್ತದೆ, ಅದು ಕಷ್ಟದ ಸುತ್ತು.

ಮುದ್ದೆ ಔಷಧವಲ್ಲ. ಅದರಲ್ಲೂ ಪಿಷ್ಟವಿದೆ, ಸಕ್ಕರೆ ಕಾಯಿಲೆಯವರು ಅಳತೆಯಲ್ಲೇ ಉಣ್ಣಬೇಕು. ಜೊತೆಗೆ ಹುರುಳಿ ಸಾರು, ದಂಟಿನ ಸೊಪ್ಪಿನ ಪಲ್ಯವಿದ್ದರೆ ಮೆಗ್ನೀಸಿಯಮ್ ಇನ್ನಷ್ಟು ಕೂಡುತ್ತದೆ. ಮಾತ್ರೆಯ ವಿಷಯ ಬೇರೆ: ಮೂತ್ರಪಿಂಡ ಸೋತವರು ವೈದ್ಯರನ್ನು ಕೇಳದೆ ಮೆಗ್ನೀಸಿಯಮ್ ಮಾತ್ರೆ ನುಂಗಲೇಬಾರದು.