ತಾಂಬೂಲದ ಚೀಲಕ್ಕೊಂದು ಅಳತೆ

ಹಳೇ ಮೈಸೂರು ಸೀಮೆಯ ಮದುವೆಗಳಲ್ಲಿ ಊಟ ಮುಗಿಸಿ ಹೊರಟವರನ್ನು ಬರಿಗೈಲಿ ಕಳಿಸುವ ಪದ್ಧತಿಯಿಲ್ಲ. ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಹೆಂಗಸರಿಗೆ ಅರಿಸಿನ ಕುಂಕುಮದ ಜೊತೆ ಒಂದು ರವಿಕೆ ಕಣ. ಈ ಬೀಳ್ಕೊಡುಗೆಯನ್ನು ‘ಪರಿಸರಸ್ನೇಹಿ’ ಮಾಡುವ ಉತ್ಸಾಹ ಈಗ ಜೋರಾಗಿದೆ. ಚೀಲ ಬದಲಾಗಿದೆ, ಕೆಲವೆಡೆ ಕಾಯಿಯ ಜಾಗಕ್ಕೆ ಸಸಿ ಬಂದಿದೆ, ಬೀಜದುಂಡೆ ಬಂದಿದೆ. ತಮಾಷೆಯೆಂದರೆ ಮೂಲ ತಾಂಬೂಲದಲ್ಲಿ ಕಸವಾಗುವಂಥದ್ದು ಏನೂ ಇರಲಿಲ್ಲ. ಎಲೆಯಡಿಕೆ ಬಾಯಿಗೆ, ಕಾಯಿ ನಾಳೆಯ ಚಟ್ನಿಗೆ, ಚಿಪ್ಪು ನಾರು ಒಲೆಗೆ. (ಊರೂರು ಸುತ್ತಿ ಕೊನೆಗೆ ಕೊಟ್ಟವರ ಮನೆಗೇ ಮರಳುವ ರವಿಕೆ ಕಣದ ಕಥೆ ಬೇರೆ, ಮರುಬಳಕೆಯಲ್ಲಿ ಅದನ್ನು ಮೀರಿಸಿದ್ದಿಲ್ಲ.) ತೊಂದರೆ ತಂದದ್ದು ಚೀಲ.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು, ದಪ್ಪ ಎಷ್ಟೇ ಇರಲಿ, ನಿಷೇಧಿಸಿತು. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯೂ ಆ ಪಟ್ಟಿಯಲ್ಲಿತ್ತು. ತಾಂಬೂಲಕ್ಕೆ ಸುಲಭವಾಗಿ ಒದಗಿಬಂದದ್ದು ನಾನ್‌ವೋವನ್ ಚೀಲ. ನೋಡಲು ಬಟ್ಟೆ, ಮುಟ್ಟಲೂ ಬಟ್ಟೆ. ಅದರ ಮೂಲವಸ್ತು ಮಾತ್ರ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಶುದ್ಧ ಪ್ಲಾಸ್ಟಿಕ್. ಬೆಂಕಿ ತಾಗಿಸಿದರೆ ಹತ್ತಿಯ ಹಾಗೆ ಬೂದಿಯಾಗದೆ ಕರಗಿ ಮುದ್ದೆಯಾಗುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ಹಗುರವಾದ ಇಂಥ ಚೀಲಗಳನ್ನು ಕೇಂದ್ರದ ನಿಯಮವೂ 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಿದೆ. ಅದರ ಮೇಲೆ ಹಸಿರು ಎಲೆಯ ಚಿತ್ರ ಅಚ್ಚುಹಾಕಿಸಿ ಹಂಚುವುದು ತಿಳಿಯದೆ ಮಾಡಿದ ಮೋಸ, ಆದರೂ ಮೋಸವೇ.

ಹತ್ತಿ ಚೀಲ ಖಂಡಿತ ಮೇಲು, ಒಂದು ಷರತ್ತಿನ ಮೇಲೆ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಮ್ಮೆ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನಕ್ಕೆ ಕಡಿಮೆ ಹಾನಿ ಮಾಡಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ಹತ್ತಿ ಬೆಳೆಗೆ ನೀರು, ಗೊಬ್ಬರ, ಔಷಧಿ ಅಷ್ಟು ಬೇಕು. ಇದು ಬ್ರಿಟನ್ನಿನ ಲೆಕ್ಕ, ಬೀದಿಯ ಚರಂಡಿ ಕಟ್ಟಿಕೊಳ್ಳುವ, ಹಸುವಿನ ಹೊಟ್ಟೆ ಸೇರುವ ಪ್ಲಾಸ್ಟಿಕ್ ಅದರಲ್ಲಿ ಸೇರಿಲ್ಲ. ಹಾಗಾಗಿ ಅದನ್ನು ಹಾಗೇ ಒಪ್ಪಬೇಕಿಲ್ಲ. ಆದರೆ ಪ್ರಶ್ನೆ ಸರಿಯಾಗಿದೆ. ಒಂದು ಕಾಯಿ ಹಿಡಿಸುವಷ್ಟೇ ಅಳತೆಯ, ಒಂದು ಬದಿಗೆ ವಧೂವರರ ಫೋಟೊ ಇನ್ನೊಂದು ಬದಿಗೆ ಮುಹೂರ್ತದ ತಾರೀಖು ಅಚ್ಚಾದ ಚೀಲ ಹಿಡಿದು ಯಾರು 131 ಸಲ ಸಂತೆಗೆ ಹೋಗುತ್ತಾರೆ? ಅದು ಅಟ್ಟದ ಮೇಲಿನ ಚೀಲಗಳ ರಾಶಿ ಸೇರುತ್ತದೆ.

ಬೀಜದುಂಡೆಯ ಬಗ್ಗೆ ನನಗೆ ಇನ್ನೂ ದೊಡ್ಡ ತಕರಾರಿದೆ. ಮದುವೆಗೆ ಮುಹೂರ್ತವಿರುವಂತೆ ಬಿತ್ತನೆಗೂ ಇದೆ. ಬೀಜದುಂಡೆ ಮೊಳೆಯಲು ಮಳೆ ಹಿಡಿದ ನೆಲ ಬೇಕು. ಮಳೆ ಚೆನ್ನಾಗಿ ಹಿಡಿಯುವ ಆಷಾಢದಲ್ಲಿ ನಮ್ಮಲ್ಲಿ ಮದುವೆಯೇ ಇಲ್ಲ. ಮಾಘದಲ್ಲಿ ಕೊಟ್ಟ ಉಂಡೆ ಜೂನ್‌ವರೆಗೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕಾಯಬೇಕು. ಹೊಂಗೆ ಬೀಜವಾದರೆ ತಡೆದೀತು. ಬೇವಿನ ಹಣ್ಣು ಉದುರುವುದು ಜೂನ್, ಜುಲೈ ಹೊತ್ತಿಗೆ; ಅದರ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಫೆಬ್ರವರಿಯ ಮದುವೆಯಲ್ಲಿ ಸಿಕ್ಕ ಬೇವಿನ ಉಂಡೆಯೊಳಗೆ ಇರುವುದು ಹೆಚ್ಚುಕಮ್ಮಿ ಸತ್ತ ಬೀಜ.

ಸಸಿಗೂ ಕರಿ ಪಾಲಿಥೀನ್ ತೊಟ್ಟೆಯೇ ಗತಿ. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಗೆ ಹೋಗುವವರಿಗೆ ಸಂಪಿಗೆ ಗಿಡ ಕೊಟ್ಟು ಏನು ಮಾಡುವುದು? ತುಳಸಿಯಾದರೆ ಬಾಲ್ಕನಿಯಲ್ಲಿ ಬದುಕೀತು.

ನನಗೆ ಮೆಚ್ಚುಗೆಯಾಗುವುದು ಹೊಸದೇನೂ ಅಲ್ಲದ ಒಂದು ಕ್ರಮ. ಉತ್ತರ ಕನ್ನಡದ ಮದುವೆಮನೆಗಳಲ್ಲಿ ಎಲೆ, ಅಡಿಕೆ, ಸುಣ್ಣ ಇಟ್ಟ ಕವಳದ ಹರಿವಾಣ ಕೂತವರ ಮುಂದೆ ಬರುತ್ತದೆ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳುತ್ತಾರೆ. ಅಲ್ಲಿ ಚೀಲದ ಮಾತೇ ಏಳುವುದಿಲ್ಲ.

ಕಾಯಿ ಕೊಡಲೇಬೇಕೆನ್ನುವ ಮನೆಯವರಲ್ಲಿ ಒಂದು ಮನವಿ. ಚೀಲಕ್ಕೆ ಆರ್ಡರ್ ಕೊಡುವಾಗ ಎರಡು ಕೆ.ಜಿ. ತರಕಾರಿ ಹಿಡಿಸುವ ಅಳತೆ ಹೇಳಿ, ಹಿಡಿಗೆ ಗಟ್ಟಿ ಹೊಲಿಗೆ ಹಾಕಿಸಿ, ಹೆಸರು ತಾರೀಖು ಏನಿದ್ದರೂ ಒಳಮಗ್ಗುಲಿಗಿರಲಿ.